ಗಿಳಿಹಸಿರು ಕವರು

ರಬ್ಬರಿಗೆ ಮೊದಲು ಮೈ ಸೋಕಿಸಿದ ಮನುಷ್ಯರ ಬಣ್ಣ ಹತ್ತುವ ಊರದು. ಎಷ್ಟು ತಿಕ್ಕಿದರೂ ಹೋಗದು, ಇನ್ನೊಬ್ಬರ ಬಣ್ಣದೊಡನೆ ಬೆರೆಯದು. ಬಾಗಿಲ ಫಲಕದ ಮೇಲಿನ ಹೆಸರನ್ನೂ ಜನ ತಮ್ಮ ತಮ್ಮ ಬಣ್ಣದಲ್ಲೇ ಬರೆಸುತ್ತಿದ್ದರು.

ಶಾಂಭವಿಯದು ನೀಲಿ, ಗಂಡ ಗುರುಪಾದನದು ಹಳದಿ. ತವರಿನಿಂದ ಮರಳಿ ನೋಡಿದರೆ, ಅವಳ ಸುಖದ ಆಟಿಕೆಗೆ ತೊಡಿಸಲು ಮನೆಯಲ್ಲಿ ಬಿಟ್ಟುಹೋಗಿದ್ದ ಹೊಸ ರಬ್ಬರ್ ಕವರು ಗಿಳಿಹಸಿರಾಗಿತ್ತು.

ಇಂಥ ಕವರುಗಳನ್ನು ತೊಳೆದು ಮನೆಯೊಳಗೆ, ಸೀರೆಯ ಮರೆಯಲ್ಲಿ ಒಣಗಿಸುವುದು ವಾಡಿಕೆ. ಶಾಂಭವಿ ಹಲ್ಲುಕಚ್ಚಿ ಬಿಸಿನೀರು, ಸೋಪಿನಲ್ಲಿ ತಿಕ್ಕಿ, ಬೀದಿ ಕಡೆಯ ಹಗ್ಗಕ್ಕೆ ನೇತುಹಾಕಿದಳು.

"ಅದನ್ನ ಒಳಗ ಹಾಕು ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ," ಎಂದ ಗುರುಪಾದ.

"ಡಾಕ್ಟರು ಹೇಳ್ಯಾರ್ರಿ, ಬಿಸಿಲಿಗೆ ಹಾಕಿದ್ರ ಹೊಲಸು ಉಳಿಯಂಗಿಲ್ಲಂತ."

ಎದುರುಮನೆಯ ಬಸಲಿಂಗಪ್ಪ ಪೇಪರಿನಿಂದ ತಲೆಯೆತ್ತಿ ಕವರು ನೋಡಿದ. ಆಮೇಲೆ ನಿಧಾನವಾಗಿ ತಿರುಗಿ, ತನ್ನ ಬಾಗಿಲ ಮೇಲೆ ಗಿಳಿಹಸಿರಿನಲ್ಲಿ ಬರೆಸಿದ್ದ ಹೆಂಡತಿಯ ಹೆಸರು ನೋಡಿದ.