ಮುಂದಕ್ಕೆ ಹೋದ ಆಯ್ಕೆ

ಪರದೆಯ ಮೇಲೆ ಸದಾ ಸೋಲುವ ಐಸ್ ಹಾಕಿ ತಂಡದ ಗೋಲ್‌ಕೀಪರ್ ಮಂಜುಗಡ್ಡೆಯ ಮೇಲೆ ಜಾರಿಬಿದ್ದಾಗ ಜಲಜಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳೂ ಹಾಕಿ ಗೋಲ್‌ಕೀಪರ್. ರಾಜ್ಯ ತಂಡದ ಆಯ್ಕೆ ಮುಂದಕ್ಕೆ ಹೋಗಿದೆಯೆಂದು ಹೇಳಿ, ಅವಳಿಗೆ ಆಟ ಕಲಿಸಿದ ಅಣ್ಣ ವಿಷ್ಣುತೀರ್ಥನೇ ಈ ಇಂಗ್ಲಿಷ್ ಸಿನಿಮಾಕ್ಕೆ ಕರೆತಂದಿದ್ದ.

ಇಂಟರ್‌ವಲ್‌ನಲ್ಲಿ ಜೊತೆಯ ತಮಿಳು ಆಟಗಾರ್ತಿ ಸುಮತಿ ಸಿಕ್ಕಳು. "ಎನ್ನಡೀ, ಬೆಳಿಗ್ಗೆ ಎಗ್ಮೋರ್ ಸ್ಟೇಡಿಯಂನಲ್ಲಿ ಸೆಲೆಕ್ಷನ್‌ಗೆ ನಿನ್ನ ಹೆಸರು ಕೂಗಿದ್ರು. ನೀ ಯಾಕೆ ಬರ್ಲಿಲ್ಲ?"

ಜಲಜಾ ಅಣ್ಣನತ್ತ ತಿರುಗಿದಳು. ಅವನು ಕಡಲೆಕಾಯಿ ಪೊಟ್ಟಣ ಮಡಿಸುತ್ತ, "ಹುಡುಗನ ಮನೆಯೋರಿಗೆ ಇದೆಲ್ಲ ಹಿಡಿಸಲ್ವಂತೆ ಕಣೇ. ಅಪ್ಪ ಬೇಡಾಂದ್ರು," ಎಂದ.

ದೀಪ ಆರಿತು. ಅವಳು ಎದ್ದಳು.

"ಕೂತ್ಕೋ," ಎಂದು ಅಣ್ಣ ಅವಳ ಕೈ ಹಿಡಿದ. "ಕೊನೇಲಿ ಈ ಟೀಮೇ ಗೆಲ್ಲೋದು."

ಜಲಜಾ ಕೈ ಬಿಡಿಸಿಕೊಂಡು ಕತ್ತಲಲ್ಲೇ ಬಾಗಿಲಿನತ್ತ ನಡೆದಳು.