ಮೊದಲ ಸ್ಥಾನ

ತಾನೇ ಬರೆದ ಕಳ್ಳ-ಪೊಲೀಸ್ ಆಟವನ್ನು ಮಂದಾಕಿನಿ ಕೊನೆಗೂ ಓಬೀರಾಯನ ಕಾಲದ ವಿಡಿಯೊ ಗೇಮ್ ಪೆಟ್ಟಿಗೆಯೊಳಗೆ ತುರುಕಿದ್ದಳು. ಅದರ ಮೆಮೊರಿಯಲ್ಲಿದ್ದದ್ದು ಅಂಗೈಯಗಲ ಜಾಗ. ಆಟ ಹಿಡಿಯಲೆಂದು ಮೋಡ, ಮರ, ಹಾಡು ಎಲ್ಲ ಕಿತ್ತು ಹಾಕಿದ್ದಳು.

ಗಂಡ ಆಡಲು ಕೂತು ಅವಳ ದಾಖಲೆ ಮುರಿದ. ಪರದೆಯ ಮೇಲೆ ಮೊದಲ ಸ್ಥಾನದಲ್ಲಿ ಇನ್ನೂ ಅವಳದೇ ಹೆಸರು.

“ಇದೇನೇ, ಗೆದ್ದವನು ನಾನು, ಹೆಸರು ನಿಂದು?”

“ಹೆಸರು ಬದಲಾಯಿಸೋ ಕೋಡ್ ತೆಗೆದುಬಿಟ್ಟೆ. ಜಾಗ ಸಾಲಲಿಲ್ಲ.”

“ನಿನ್ನ ಹೆಸರಿಗೆ ಸಾಲ್ತಾ?”

“ಅದು ಮೊದಲೇ ಇತ್ತಲ್ಲ.”

ಅವನು ಎದ್ದು ಅಡುಗೆಮನೆಗೆ ಹೋದ. ಅವತ್ತು ಅಡುಗೆ ಸರದಿ ಅವನದು. ಆಮೇಲೆ ತುಪ್ಪ ಸುರಿದ ಬಿಸಿಬೇಳೆಬಾತಿನ ಒಂದೇ ತಟ್ಟೆ ಹಿಡಿದು ಬಂದು, ಅವಳೆದುರೇ ಕೂತು ತಿನ್ನತೊಡಗಿದ.

“ನಂದೆಲ್ಲಿ?”

“ಕುಕ್ಕರಿನಲ್ಲಿ ಜಾಗ ಸಾಲಲಿಲ್ಲ.”