ಕೂಡಿಟ್ಟ ದಿನಗಳು

“ರಕ್ತ ಭಾಳ ಕಡಿಮಿ ಐತವಾ. ಇವತ್ತ ಆಪರೇಶನ್ ಆಗೂದಿಲ್ಲ. ಗುಳಿಗಿ ಕೊಡತೇನಿ, ಮೂರು ತಿಂಗಳ ಬಿಟ್ಟ ಬಾ. ಅಲ್ಲೀತನಕ ಹೊಟ್ಟಿ ತುಂಬ ಉಣ್ಣು, ಮಲಕೋ,” ಎಂದು ನರ್ಸಬಾಯಿ ಹಸಿರು ಗೌನನ್ನು ವಾಪಸು ಕೇಳಿದಳು.

ನಂದಿನಿ ನಕ್ಕಳು. ಬೆಳಗಿನಿಂದ ಹನಿ ನೀರೂ ಕುಡಿಯದೆ, ಇನ್ನು ಮಕ್ಕಳಾಗದ ಆಪರೇಶನ್ನಿಗೆ ಅಣಿಯಾಗಿ ಗೋಕಾಕದ ಆಸ್ಪತ್ರೆಯ ಮಂಚದ ತುದಿಗೆ ಕುಳಿತವಳಿಗೆ ನಗು ಬರುವಂಥದ್ದೇನೂ ಆ ಮಾತಿನಲ್ಲಿರಲಿಲ್ಲ.

“ಯಾಕ ನಗ್ತಿ? ಚಿಂತಿ ಮಾಡಬ್ಯಾಡ. ಯಾವಾಗ ಬಂದ್ರೂ ಪುಕ್ಕಟನ ಐತಿ.”

“ಆಪರೇಶನ್ ಪುಕ್ಕಟ ಐತ್ರಿ ಬಾಯಾರ,” ಎಂದಳು ಬದಿಗೆ ನಿಂತಿದ್ದ ಅತ್ತೆ ಕೆಂಪವ್ವ. “ಆಮ್ಯಾಲ ಮಲಗೂದ ತುಟ್ಟಿ.”

ಗೋಡೆಯ ಮೇಲಿನ ಸುಖೀ ಸಂಸಾರದ ಚಿತ್ರದಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಹಲ್ಲು ಬಿಟ್ಟು ನಗುತ್ತಿದ್ದರು. ಅತ್ತೆಯಾಗಲಿ ಎಮ್ಮೆಯಾಗಲಿ ಆ ಚಿತ್ರದಲ್ಲಿರಲಿಲ್ಲ. ನಂದಿನಿಯ ಮನೆಯಲ್ಲಿ ಎರಡೂ ಇದ್ದವು, ಮೂರು ಮಕ್ಕಳಿದ್ದವು, ಕೌಜಲಗಿ ಬದಿಯ ಆ ಮನೆಯ ಹಿಂದೆ ಒಂದೆಕರೆ ಅರಿಶಿನವಿತ್ತು. ಆಪರೇಶನ್ ಮಾಡಿಸಿಕೊಂಡವಳು ವಾರಗಟ್ಟಲೆ ಭಾರ ಎತ್ತಬಾರದು, ಬಗ್ಗಬಾರದು ಎನ್ನುತ್ತಾರೆ. ಆದರೆ ಹುಲ್ಲಿಗೆ ಅದು ಗೊತ್ತಾಗಬೇಕಲ್ಲ? ಕೂಲಿಗೆ ಕರೆಯುವ ತಾಕತ್ತು ಇಲ್ಲದ್ದಕ್ಕೆ ಅವಳು ಮುಯ್ಯಾಳಿನ ದಾರಿ ಹಿಡಿದಿದ್ದಳು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ನಡುವೆ ರೊಕ್ಕದ ಮಾತಿಲ್ಲ. ಬೇರೆ ಹೆಂಗಸರು ಆ ಸಾಲವನ್ನು ವಾರದೊಳಗೆ ವಸೂಲು ಮಾಡಿಕೊಂಡರೆ, ನಂದಿನಿ ಈ ಮಲಗುವ ವಾರಗಳಿಗೆಂದು ವರ್ಷವಿಡೀ ಕೂಡಿಟ್ಟಳು. ಶಂಕ್ರವ್ವನ ಮೆಣಸಿನಕಾಯಿ, ಮಾಯಾಳ ಗೋವಿನಜೋಳ, ಶೆಟ್ಟೆವ್ವನ ಕಬ್ಬು ಎಲ್ಲ ಕಡೆಗೂ ಬಗ್ಗಿ ಬಗ್ಗಿ ದುಡಿದಳು. ಹಾಗೆ ಕೂಡಿದ ದಿನಗಳನ್ನು ತೀರಿಸಲು ಆ ಹೆಂಗಸರು ಇವತ್ತು ಬೆಳಿಗ್ಗೆ ಅವಳ ಹೊಲಕ್ಕೆ ಇಳಿದಾಗಿತ್ತು. ಇತ್ತ ಮೈಯೊಳಗಿನ ರಕ್ತ ಅವಳಿಗೆ ಹೇಳದೇ ಖರ್ಚಾಗಿತ್ತು.

ಊರ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದಳು. ಹಸಿವಿಗೋ ನಿಶ್ಶಕ್ತಿಗೋ, ಬಸ್ಸು ನಿಂತಲ್ಲೇ ನಿಂತು ಕಬ್ಬಿನ ಗದ್ದೆಗಳೇ ತೇಲಿ ಹಿಂದಕ್ಕೆ ಹೋದಂತೆ ಕಂಡಿತು.

“ಮುಯ್ಯಾಳ ದಿನಾ ಕೂಡಸಾಕ ಹ್ವಾದ್ರ ರಕ್ತ ಹೋಗತೈತಿ ಅತ್ತಿ. ರಕ್ತ ಕೂಡಸಾಕ ಕುಂತ್ರ ಕೂಡಿಸಿದ ದಿನಾ ಹೋಗತಾವ. ನಾ ಏನ ಮಾಡ್ಲಿ ಹೇಳ್ರಿ?”

ಏಳು ಹೆತ್ತು ಮೂರನ್ನು ಉಳಿಸಿಕೊಂಡಿದ್ದ ಕೆಂಪವ್ವ ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಟ್ಟು, ಆಮೇಲೆ ಮಾತಾಡಿದಳು.

“ಬಾಯಾರು ಏನಂದ್ರು? ಉಣ್ಣು, ಮಲಕೋ ಅಂದ್ರಿಲ್ಲೋ?”

“ಹೂಂ.”

“ಮಲಕೋ ಹಂಗಾರ. ಆಪರೇಶನ್ ಆಗೇತಂತ ತಿಳಕೊಂಡ ಮಲಕೋ. ದಿನಾ ನೀ ಕೂಡಿಸಿಟ್ಟಾವು, ಯಾರಪ್ಪನ ಗಂಟೂ ಅಲ್ಲ. ಯಾರರ ಕೇಳಿದ್ರ ನಾ ಅದೇನಿ.”

ಮಟಮಟ ಮಧ್ಯಾಹ್ನ ತನ್ನ ಮನೆ ಹೇಗಿರುತ್ತದೆಂದು ಮಲಗಿದಲ್ಲಿಂದ ನಂದಿನಿ ನೋಡಿದ್ದು ಅದೇ ಮೊದಲು. ತಗಡಿನ ತೂತುಗಳಿಂದ ಬಿಸಿಲು ಸಣ್ಣ ಸಣ್ಣ ಕೋಲಾಗಿ ಇಳಿದಿತ್ತು. ಕೋಲಿನೊಳಗೆ ಧೂಳು ಯಾವ ಅವಸರವೂ ಇಲ್ಲದೆ ಏರಿ ಇಳಿಯುತ್ತಿತ್ತು. ಇದು ದಿನಾಲೂ ಹೀಗೇ ಆಡುತ್ತಿತ್ತೇ, ತಾನು ಹೊಲದಲ್ಲಿದ್ದಾಗ? ಹಿತ್ತಿಲ ಆಚೆ ಹೊಲದಿಂದ ಹೆಂಗಸರ ಮಾತು, ಬಳೆಯ ಸದ್ದು ತೇಲಿ ಬಂತು. ಕಣ್ಣು ಮುಚ್ಚಿದರೂ ಹೊಲ ಕಂಡಿತು. ಸೊಂಟದೆತ್ತರದ ಅರಿಶಿನದೆಲೆ ನೀರಿನಂತೆ ಅಲುಗುತ್ತಿದೆ. ಅದರೊಳಗೆ ಮುಳುಗುತ್ತ ಏಳುತ್ತ ಕಸ ಕೀಳುತ್ತಿರುವವರು ಶಂಕ್ರವ್ವನೂ ಅಲ್ಲ, ಮಾಯಾಳೂ ಅಲ್ಲ. ಹತ್ತಿರ ಹೋಗಿ ನೋಡಿದರೆ ಎಲ್ಲರೂ ನಂದಿನಿಯರೇ. ಮೆಣಸಿನಕಾಯಿ ಹರಿದ ನಂದಿನಿ, ಜೋಳ ಮುರಿದ ನಂದಿನಿ, ಜ್ವರದಲ್ಲೂ ಹೋಗಿದ್ದ ನಂದಿನಿ. ಸಾಲಾಗಿ ಬಗ್ಗಿದ ಒಂದೇ ನಮೂನೆಯ ಬೆನ್ನುಗಳು. ‘ತುಸು ಕುಂಡ್ರಬಾರದೇನ್ರೆ?’ ಎಂದು ಕೂಗಬೇಕೆನ್ನಿಸಿತು. ನಾಲಿಗೆಗೆ ನಿದ್ದೆ ಬೆಲ್ಲದಂತೆ ಅಂಟಿಕೊಂಡಿತ್ತು. ಅವರಲ್ಲೊಬ್ಬಳು ತಲೆಯೆತ್ತಿ, ಏಳಬೇಡವೆಂದು ಕೈಸನ್ನೆ ಮಾಡಿದಳು.

ಎಚ್ಚರವಾದಾಗ ದೀಪ ಹಚ್ಚುವ ಹೊತ್ತು. ಗಂಡ ಸಿದ್ರಾಮ ಮಂಚದ ಬದಿಗೆ ನಿಂತಿದ್ದ. ಗೊಬ್ಬರದ ಚೀಲ ಹೊತ್ತು ಹೆಗಲು ಬೆಳ್ಳಗಾಗಿತ್ತು. ಕೈಯಲ್ಲಿ ನಾಲ್ಕು ಮೋಸಂಬಿ. ಅವನು ಹೆಂಡತಿಗೆ ಹಣ್ಣು ತಂದದ್ದು ಮದುವೆಯಾದ ಹೊಸದರಲ್ಲಿ ಬಿಟ್ಟರೆ ಇವತ್ತೇ.

“ಬ್ಯಾನಿ ಐತೇನು?”

“ಇಲ್ರಿ.”

“ಆತಲ್ಲ ಒಂದ ಸಲಾ. ಇನ್ನ ಯಾವ ಅಂಜಿಕಿನೂ ಇಲ್ಲ,” ಎಂದು ಅವನು ಮೆಲ್ಲಗೆ ಮಂಚದ ತುದಿಗೆ ಕುಳಿತು, ದಿಂಬು ಸರಿಮಾಡಿದ. ತನ್ನದನ್ನು.

ನಂದಿನಿಯ ನಿದ್ದೆ ಪೂರ್ತಿ ಹಾರಿಹೋಯಿತು. ಅತ್ತೆ ಹೇಳಿಕೊಟ್ಟ ಸುಳ್ಳು ಇಷ್ಟು ಬೇಗ ಮಂಚ ಏರೀತೆಂದು ಅವಳು ಎಣಿಸಿರಲಿಲ್ಲ. ಒಲೆಯ ಮುಂದಿದ್ದ ಕೆಂಪವ್ವನನ್ನು ನೋಡಿದಳು. ಬರೀ ಬೆನ್ನು ಕಂಡಿತು.

“ಡಾಕ್ಟರ್ ಹೇಳ್ಯಾರ್ರಿ,” ಎಂದಳು. “ಮೂರು ತಿಂಗಳ ನೀವು ಹೊರಗ ಕಟ್ಟಿ ಮ್ಯಾಲ ಮಲಗಬೇಕಂತ.”

“ಮೂರು ತಿಂಗಳಾ?” ಸಿದ್ರಾಮ ತಾಯಿಯ ಕಡೆ ತಿರುಗಿದ. “ಯವ್ವಾ, ಖರೇನ?”

“ನಾ ಬಾಜೂಕ ನಿಂತ ಕೇಳೇನಿ,” ಎಂದಳು ಕೆಂಪವ್ವ ರೊಟ್ಟಿ ಬಡಿಯುತ್ತಲೇ. “ಒಂದ ದಿನಾನೂ ಕಡಿಮಿ ಮಾಡಬಾರದಂತ.”

ಸಿದ್ರಾಮ ಮೋಸಂಬಿಗಳನ್ನು ಮಂಚದ ಮೇಲಿಟ್ಟು ಎದ್ದ. ಆಮೇಲೆ ಕೌದಿಯನ್ನು ಹೆಗಲಿಗೆ ಹಾಕಿ, ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಹೊರಟವನು ಹೊಸ್ತಿಲಲ್ಲಿ ನಿಂತ.

“ಅಲ್ಲಬೇ ಯವ್ವಾ, ಆಪರೇಶನ್ ಆಗಿದ್ದು ಇಕಿಗೋ, ನನಗೋ?”